ನರಿ ಅಂದರೆ ಹುಲಿ

ಮಕ್ಕಳಿಗೆ ಕಥೆ ಹೇಳುವುದು ಸುಲಭ ಎನ್ನುವವರನ್ನು ನಾನು ಕಡಬದ ಆ ಶಾಲೆಗೆ ಕಳಿಸಬೇಕೆಂದಿದ್ದೇನೆ. ಶನಿವಾರ, ಕೊನೆಯ ಪೀರಿಯಡ್. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ. ಹೋಗಿ ಒಂದು ನರಿಯ ಕಥೆ ಹೇಳಿ ಬನ್ನಿ. ಆಮೇಲೆ ಮಾತಾಡೋಣ.

ನನಗೆ ಈ ವಿದ್ಯೆಯನ್ನು ಯಾರೂ ಕಲಿಸಿದ್ದಲ್ಲ. ಪುತ್ತೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಒಮ್ಮೆ ಯಾರೋ ಬೈಂಡು ಕಿತ್ತುಹೋದ ಜನಪದ ಕಥೆಗಳ ಪುಸ್ತಕವೊಂದನ್ನು ಪೂರ್ತಿ ಪ್ರತಿ ಮಾಡಿಸಲು ತಂದರು. ನಾನು ಪುಟ ಇಡುತ್ತಾ ಓದಿದೆ, ಓದುತ್ತಾ ಪುಟ ತಲೆಕೆಳಗೆ ಇಟ್ಟೆ, ಮಾಲೀಕರಿಂದ ಬೈಸಿಕೊಂಡೆ, ಮತ್ತೆ ಓದಿದೆ. ಅಲ್ಲಿಂದ ಹಿಡಿದ ಹುಚ್ಚು ಇದು. ಆಮೇಲೆ ಲೈಬ್ರರಿಯಲ್ಲಿ ಸಿಕ್ಕಿದ್ದೆಲ್ಲ ಓದಿದೆ: ಬಂಗಾಳದ್ದು, ರಾಜಸ್ಥಾನದ್ದು, ಈಶಾನ್ಯದ ಬೆಟ್ಟಗಳದ್ದು, ನಮ್ಮದೇ ಕನ್ನಡದ್ದು. ಮೊಬೈಲಿನಲ್ಲಿ ಕಥೆ ಹೇಳುವವರ ವೀಡಿಯೊ ನೋಡಿ, ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ದನಿ ಇಳಿಸುತ್ತಾರೆ ಎಂದು ಗಮನಿಸಿದೆ. ಮರ್ಕಂಜದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಗೋಡೆಗೆ ಹೇಳಿ ಅಭ್ಯಾಸ ಮಾಡಿದೆ.

ಅಮ್ಮ ದೋಸೆಯ ಕಾವಲಿಗೆ ಎಣ್ಣೆ ಸವರುತ್ತಾ, "ನಿಂಗೆ ಬೇರೆ ಕೆಲ್ಸ ಇಲ್ಲೆನಾ?" ಎಂದರು.

ಇತ್ತು. ಆದರೆ ನನಗೆ ಬೇಕಾಗಿದ್ದದ್ದು ಇದೇ ಕೆಲಸ. ಪುತ್ತೂರು, ಸುಳ್ಯ, ಕಡಬ, ಮೂರು ತಾಲೂಕಿನಲ್ಲೂ ಒಂದೊಂದು ಸಣ್ಣ ಸರ್ಕಾರಿ ಶಾಲೆ ಹಿಡಿದು, ಸರದಿಯಂತೆ ಹೋಗಿ ಕಥೆ ಹೇಳಬೇಕು ಎಂಬುದು ನನ್ನ ಯೋಜನೆ. ಪುತ್ತೂರಿನವರಿಗೆ ನಗಿಸುವ ಕಥೆ, ಸುಳ್ಯದವರಿಗೆ ನಡುವೆ ಹಾಡು ಬರುವ ಕಥೆ, ಕಡಬದವರಿಗೆ ಪ್ರಾಣಿಗಳ ಕಥೆ. ಯಾಕೆ ಹಾಗೆ ಹಂಚಿದೆ ಎಂದು ಕೇಳಬೇಡಿ, ಆಗ ಅದರಲ್ಲಿ ಏನೋ ದೊಡ್ಡ ತರ್ಕ ಇದ್ದ ಹಾಗೆ ಅನಿಸಿತ್ತು. ಒಂದೊಂದು ಊರಿಗೆ ಒಂದೊಂದರಂತೆ ಹಳದಿ, ಹಸಿರು, ಕೆಂಪು ಫೈಲುಗಳನ್ನೂ ಮಾಡಿದ್ದೆ.

ಫೈಲು ಹಿಡಿದುಕೊಂಡು ಶಾಲೆಗಳಿಗೆ ಹೋದ ಮೇಲೆ ಗೊತ್ತಾಯಿತು, ದೊಡ್ಡವರಿಗೆ ಕಥೆಯೆಂದರೆ ಎಷ್ಟು ಭಯ ಎಂದು.

ಪುತ್ತೂರಿನ ಶಾಲೆಯಲ್ಲಿ ಟೀಚರೊಬ್ಬರು ಹಳದಿ ಫೈಲು ತಿರುವಿ ಹಾಕಿ, "ಭೂತ ಪ್ರೇತ ಎಲ್ಲ ಬೇಡ ಆಯ್ತಾ? ಮತ್ತೆ ಮಕ್ಕಳು ರಾತ್ರಿ ಹೊರಗೆ ಹೋಗ್ಲಿಕ್ಕೆ ಹೆದರ್ತಾರೆ, ಅವರ ಅಮ್ಮಂದಿರು ನಮಗೆ ಫೋನ್ ಮಾಡುದು" ಎಂದರು. ಸುಳ್ಯದಲ್ಲಿ, "ಮಲತಾಯಿ ಉಂಟಾ ಇದ್ರಲ್ಲಿ? ತೆಗೀರಿ ಮಾರಾಯ್ರೆ. ನಮ್ಮಲ್ಲಿ ಒಂದು ಮಗು ಉಂಟು, ಅದರ ಚಿಕ್ಕಮ್ಮ ಶಾಲೆಯ ಎಸ್‌ಡಿಎಂಸಿ ಕಮಿಟಿಯಲ್ಲಿ ಇದ್ದಾರೆ" ಎಂದರು. ಕಳ್ಳ ಬೇಡ, ಸುಳ್ಳು ಹೇಳಿ ಗೆಲ್ಲುವವ ಬೇಡ, ದೇವರಿಗೆ ಮೋಸ ಮಾಡುವವ ಬೇಡವೇ ಬೇಡ. ಭೂತ, ಮಲತಾಯಿ, ಕಳ್ಳ, ಸುಳ್ಳ ಇಷ್ಟು ಜನರನ್ನು ಹೊರಗೆ ಹಾಕಿದರೆ ಜನಪದ ಕಥೆಯಲ್ಲಿ ಉಳಿಯುವುದು ಒಂದು ಮರ ಮತ್ತು ಒಂದು ಬಾವಿ. ಕೊನೆಗೆ ಎರಡೂ ಶಾಲೆಯವರು ಒಂದೇ ಮಾತು ಹೇಳಿದರು: "ಕಡಬದಲ್ಲಿ ಮೊದಲು ಮಾಡಿ. ಹೇಗಾಗ್ತದೆ ನೋಡಿ ಹೇಳುವ."

ಎಲ್ಲವೂ ಕಡಬದ ಮೇಲೆ ಬಂದು ನಿಂತಿತು.

ಕಡಬದ ಮುಖ್ಯೋಪಾಧ್ಯಾಯರು ಬಯಲುಸೀಮೆಯವರು. ನಮ್ಮ ಕಡೆಗೆ ಬಂದು ವರ್ಷಗಳಾದರೂ ಅವರ ನಾಲಿಗೆಯಲ್ಲಿ ತುಳು ಕೂತಿರಲಿಲ್ಲ, ಕಿವಿಯಲ್ಲೂ ಅಷ್ಟಾಗಿ ಇಲ್ಲ. ನನ್ನ ಕೆಂಪು ಫೈಲನ್ನು ತೆರೆಯದೆಯೇ ಮೇಜಿನ ಮೇಲಿಟ್ಟು ಹೇಳಿದರು.

"ನೋಡ್ರಿ, ಶನಿವಾರ ಕಡೀ ಪೀರಿಯಡ್ ಖಾಲಿ ಐತಿ. ಅದನ್ನ ಸ್ಪೋಕನ್ ಇಂಗ್ಲಿಷಿಗೆ ಕೊಡ್ರಿ ಅಂತ ಪೇರೆಂಟ್ಸ್ ನನ್ನ ಬೆನ್ನು ಹತ್ಯಾರ. ಕಲಿಸೋರೂ ತಯಾರ್ ಅದಾರ. ನೀವು ಒಂದ್ ಸಲ ಬಂದು ಮಾಡಿ ತೋರಿಸ್ರಿ. ಚಲೋ ಆತು, ಪೀರಿಯಡ್ ನಿಮ್ದು. ಗದ್ದಲ ಆತು, ಇಂಗ್ಲಿಷಿಗೆ."

"ಆಯ್ತು ಸರ್."

"ಮತ್ತ ಇನ್ನೊಂದು. ಕಥಿಯೊಳಗ ಕುಡುಕರು ಗಿಡುಕರು ಬ್ಯಾಡ್ರಿ. ಊರಾಗ ಯಾರಿಗರ ತಾಗ್ತದ."

"ಇಲ್ಲ ಸರ್. ಬರೀ ಪ್ರಾಣಿಗಳು."

ನಾನು ಆರಿಸಿಕೊಂಡದ್ದು ನಮ್ಮ ದೇಶದಲ್ಲಿ ಎಲ್ಲ ಕಡೆಯೂ ಒಂದಲ್ಲ ಒಂದು ರೂಪದಲ್ಲಿ ಹೇಳುವ ಕಥೆ. ಬೋನಿಗೆ ಬಿದ್ದ ಹುಲಿಯನ್ನು ಒಬ್ಬ ದಾರಿಹೋಕ ಬಿಡಿಸುತ್ತಾನೆ. ಬಿಡಿಸಿದವನನ್ನೇ ತಿನ್ನುತ್ತೇನೆ ಎನ್ನುತ್ತದೆ ಹುಲಿ. ಅಷ್ಟರಲ್ಲಿ ನರಿಯೊಂದು ಬಂದು, ಏನೂ ಅರ್ಥವಾಗದ ಪೆದ್ದನ ಹಾಗೆ ನಟಿಸಿ, "ನೀನು ಬೋನಿನಲ್ಲಿ ಹೇಗೆ ಇದ್ದೆ, ಒಮ್ಮೆ ತೋರಿಸು" ಎಂದು ಹುಲಿಯನ್ನು ಮತ್ತೆ ಒಳಗೆ ಹೋಗುವಂತೆ ಮಾಡಿ ಬಾಗಿಲು ಹಾಕುತ್ತದೆ. ಭೂತ ಇಲ್ಲ, ಮಲತಾಯಿ ಇಲ್ಲ, ಕುಡುಕ ಇಲ್ಲ. ಪೀರಿಯಡಿನೊಳಗೆ ಮುಗಿಯುತ್ತದೆ, ಕೊನೆಯಲ್ಲಿ ಎಲ್ಲರೂ ನಗುತ್ತಾರೆ. ಇದಕ್ಕಿಂತ ಕ್ಷೇಮದ ಕಥೆ ಸಿಗಲಿಕ್ಕಿಲ್ಲ ಎಂದುಕೊಂಡೆ. ದಾರಿಹೋಕನನ್ನು ಬೆಲ್ಲ ಮಾರುವವನನ್ನಾಗಿ ಮಾಡಿದೆ. ಹಳೆಯ ರಟ್ಟಿನಲ್ಲಿ ಒಂದು ಹುಲಿಯ ಮುಖವಾಡ, ಒಂದು ನರಿಯ ಮುಖವಾಡ ಮಾಡಿದೆ.

ಆ ಶನಿವಾರ ಉಪ್ಪಿನಂಗಡಿಯಲ್ಲಿ ನಾನು ಹತ್ತಿದ್ದು ಕಡಬದ ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು. ರಜೆಯ ವಾರ ಅಲ್ಲದಿದ್ದರೂ ಯಾತ್ರಿಕರು ಬಾಗಿಲಿನವರೆಗೆ ನಿಂತಿದ್ದರು. ಯಾರದ್ದೋ ಸೂಟ್‌ಕೇಸ್ ಮತ್ತು ನನ್ನ ಚೀಲದ ನಡುವೆ ನಡೆದ ಯುದ್ಧದಲ್ಲಿ ಹುಲಿ ಉಳಿಯಿತು, ನರಿ ಅಪ್ಪಳದ ಹಾಗೆ ಮುರಿಯಿತು. ಪರವಾಗಿಲ್ಲ, ನರಿಯನ್ನು ಬಾಯಲ್ಲೇ ಮಾಡಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ನರಿ ಯಾರಿಗೆ ಗೊತ್ತಿಲ್ಲ!

ತರಗತಿಯಲ್ಲಿ ಕಥೆ ಶುರುವಾಗಿ ಹುಲಿ ಬಂದಾಗ ಎಲ್ಲ ಚೆನ್ನಾಗಿಯೇ ನಡೆಯಿತು. ಮುಖವಾಡ ಇಟ್ಟುಕೊಂಡು ಗರ್ಜಿಸಿದೆ, ಮುಂದಿನ ಸಾಲಿನವರು ಹಿಂದಿನ ಸಾಲಿನವರ ಮಡಿಲಿಗೆ ಬಿದ್ದರು. ಬೆಲ್ಲದವನು ಬೋನು ತೆರೆದ. "ನನಗೆ ಹಸಿವೆ, ಈಗ ನಿನ್ನನ್ನು ತಿನ್ನುತ್ತೇನೆ" ಎಂದಿತು ಹುಲಿ. ಕೋಣೆಯಲ್ಲಿ ಸದ್ದಿಲ್ಲ. ಇದೇ, ಇದೇ ಎಂದು ನನ್ನೊಳಗೆ ಯಾರೋ ಕುಣಿಯುತ್ತಿದ್ದರು. ನಾನು ದನಿ ಇಳಿಸಿದೆ, ವೀಡಿಯೊದಲ್ಲಿ ಕಲಿತ ಹಾಗೆ.

"ಅಷ್ಟರಲ್ಲಿ ಪೊದೆಯ ಆಚೆಯಿಂದ ಬಂತು ಒಂದು... ನರಿ!"

ಅರ್ಧ ತರಗತಿ ಸಮಾಧಾನದಿಂದ ಉಸಿರು ಬಿಟ್ಟಿತು. ಉಳಿದರ್ಧ ಕಿರುಚಿತು. ಎರಡು ಜಡೆಗೆ ಎರಡು ಬಣ್ಣದ ರಿಬ್ಬನ್ ಕಟ್ಟಿದ್ದ ಎರಡನೇ ತರಗತಿಯ ಹುಡುಗಿ ಮುಖ ಮುಚ್ಚಿಕೊಂಡು, "ಅಯ್ಯೋ ಇನ್ನೊಂದಾ!" ಎಂದಳು.

ನಾನು ಎಷ್ಟು ಪೆದ್ದಿ ಎಂದರೆ, ಅದನ್ನು ನನ್ನ ಕಥೆ ಹೇಳುವ ಶಕ್ತಿ ಎಂದುಕೊಂಡೆ.

"ನರಿಯನ್ನು ನೋಡಿ ಬೆಲ್ಲದವನಿಗೆ ಸಂತೋಷ ಆಯಿತು. ಓಡಿಹೋಗಿ, 'ನರಿಯಣ್ಣ, ನರಿಯಣ್ಣ, ನನ್ನನ್ನು ಕಾಪಾಡು' ಅಂತ ಕೇಳಿದ."

ರಿಬ್ಬನ್ನಿನ ಹುಡುಗಿ ಕೈ ತೆಗೆದಳು. "ಅಕ್ಕ, ಅವನಿಗೆ ಮಂಡೆ ಸರಿ ಇಲ್ವಾ?"

"ಯಾಕೆ?"

"ನರಿ ಹತ್ರ ಯಾರಾದ್ರೂ ಓಡುದಾ? ಅದು ತಿನ್ನುದಿಲ್ವಾ?"

"ನರಿ ಎಂತ ತಿನ್ನುದು ನಿನ್ನ!" ಎಂದ ಮುಂದಿನ ಹಲ್ಲು ಬಿದ್ದಿದ್ದ ಮೂರನೇ ತರಗತಿಯ ಹುಡುಗ. "ನರಿ ಕೋಳಿ ಮಾತ್ರ ತಿನ್ನುದು."

"ಕೋಳಿ ತಿಂದ್ರೆ ಹೊಟ್ಟೆ ತುಂಬ್ತದಾ ಅದಕ್ಕೆ? ಇಷ್ಟು ದೊಡ್ಡ ಇರ್ತದೆ!" ಅವಳು ಎರಡೂ ಕೈ ಅಗಲಿಸಿದಳು. "ಪಟ್ಟೆಪಟ್ಟೆ."

ಪಟ್ಟೆಪಟ್ಟೆ ಎಂದಾಗ ನಾನು ಕಥೆ ನಿಲ್ಲಿಸಿ, ನರಿ ಅಂದರೆ ಯಾವುದು ಎಂದು ಅವಳನ್ನೇ ಕೇಳಿದೆ.

ಅವಳ ಮನೆಯವರು ಗಡಿಯಾಚೆಯಿಂದ ಬಂದವರು, ಮನೆಮಾತು ಮಲಯಾಳಂ. ಆ ಕಡೆಯ ಮಾತಿನಲ್ಲಿ ನರಿ ಅಂದರೆ ಹುಲಿ. ನಮ್ಮ ನರಿಗೆ ಅವರು ಹೇಳುವುದು ಕುರುಕ್ಕನ್. ಇದನ್ನು ಅವಳೇ ನನಗೆ, ಸಣ್ಣ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಮನೆಯಲ್ಲಿ ಮಲಯಾಳಂಗೆ ಹತ್ತಿರದ ಬ್ಯಾರಿ ಭಾಷೆ ಮಾತಾಡುವ ಮಕ್ಕಳೆಲ್ಲ ಹೌದು ಹೌದು ಎಂದು ತಲೆ ಅಲ್ಲಾಡಿಸಿದರು. ಅಂದರೆ ಕೋಣೆಯ ಅರ್ಧ ಜನರ ಕಣ್ಣಮುಂದೆ, ಒಂದು ಹುಲಿಯಿಂದ ತಪ್ಪಿಸಿಕೊಳ್ಳಲು ಬೆಲ್ಲದವನು ಓಡಿಹೋಗಿ ಇನ್ನೊಂದು ಹುಲಿಯ ಕಾಲು ಹಿಡಿದಿದ್ದ. ಮಂಡೆ ಸರಿ ಇಲ್ಲದವನೇ ಅವ.

ಲೈಬ್ರರಿಯ ಯಾವ ಪುಸ್ತಕದಲ್ಲೂ ಇದಕ್ಕೆ ಅಡಿಟಿಪ್ಪಣಿ ಇರಲಿಲ್ಲ. ಬಂಗಾಳದವರಿಗೆ, ರಾಜಸ್ಥಾನದವರಿಗೆ ಈ ತೊಂದರೆ ಇಲ್ಲ. ನರಿಯನ್ನು ಕರೆದರೆ ನರಿಯೇ ಬರುತ್ತದೆ. ನಮ್ಮಲ್ಲಿ ಮಾತ್ರ ಯಾರು ಕರೆದರು ಎಂದು ನೋಡಿಕೊಂಡು ಬರುತ್ತದೆ.

ಬೋರ್ಡಿನ ಮೇಲೆ ನರಿ ಬಿಡಿಸಿದೆ. "ಅದು ನಾಯಿ" ಎಂದರು ಎರಡೂ ಪಕ್ಷದವರು, ಅಷ್ಟರ ಮಟ್ಟಿಗೆ ಒಗ್ಗಟ್ಟಿನಿಂದ. ಬಾಲ ದಪ್ಪ ಮಾಡಿದೆ. "ಅಳಿಲು." ಒರೆಸಿದೆ. ಈ ಗಲಾಟೆ ಆಫೀಸ್ ಕೋಣೆಗೆ ಕೇಳಿಸುತ್ತಿರಬಹುದು ಎಂಬ ಭಯದಲ್ಲಿ ನನ್ನ ಅರೆಬರೆ ತುಳುವನ್ನು ನೆನಪಿಸಿಕೊಂಡೆ. ತುಳುವಿನಲ್ಲಿ ನರಿಗೆ ಬೇರೆಯೇ ಒಂದು ಶಬ್ದ ಉಂಟಲ್ಲ! ತುಳು ಇಲ್ಲಿ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ. ಗದ್ದಲದ ಮೇಲೆ ಕೇಳಿಸಲಿ ಎಂದು ಕೂಗಿದೆ:

"ಕುದ್ಕೆ! ಬಂದದ್ದು ಕುದ್ಕೆ ಮಕ್ಕಳೇ! ಕುದ್ಕೆ!"

ಬಾಗಿಲಲ್ಲಿ ಮುಖ್ಯೋಪಾಧ್ಯಾಯರು ನಿಂತಿದ್ದರು.

"ಏನ್ರೀ ಇದು? ಕುಡುಕ ಬ್ಯಾಡ ಅಂತ ಅಷ್ಟು ಹೇಳಿದ್ನೆಲ್ರೀ?"

"ಕುಡುಕ ಅಲ್ಲ ಸರ್. ಕುದ್ಕೆ. ನರಿ."

"ನರಿ ಕುಡದೈತೇನು?"

ಮಕ್ಕಳು ನಕ್ಕ ನಗೆಗೆ ಹಂಚಿನ ಮೇಲಿದ್ದ ಕಾಗೆ ಹಾರಿತು. ನಾನು ನಗಲಿಲ್ಲ. ಮಲಯಾಳಂನಿಂದ ಹಿಡಿದು ತುಳುವಿನವರೆಗೆ ಎಲ್ಲ ಹೇಳಿದೆ. ಅವರು ಕನ್ನಡಕ ಮೇಲೆತ್ತಿ ಕೇಳಿದರು.

"ಇಷ್ಟಕ್ಕ ಯಾಕ ಒದ್ದಾಡ್ತೀರಿ? ಮೊಲ ಹಾಕ್ರಿ. ಮೊಲ ಎಲ್ಲಾರಿಗೂ ಮೊಲಾನ."

ಮೊಲ! ಪೆದ್ದನ ಹಾಗೆ ನಟಿಸುವ ಜಾಗಕ್ಕೆ ಮೊಲ! ಮೊಲ ನಟಿಸುವುದೇನು ಬಂತು, ಅದು ಹುಟ್ಟಿದಾಗಿನಿಂದ ಹಾಗೆಯೇ ಕಣ್ಣು ಬಿಟ್ಟುಕೊಂಡಿರುತ್ತದೆ. ಆದರೆ ಪೀರಿಯಡ್ ಬೇಕಿತ್ತು ನನಗೆ. ಪುತ್ತೂರು, ಸುಳ್ಯ ಎರಡೂ ಈ ಪೀರಿಯಡಿನ ಬಾಲ ಹಿಡಿದುಕೊಂಡು ನಿಂತಿದ್ದವು. "ಆಯ್ತು, ಒಂದು ಮೊಲ ಬಂತು" ಎಂದು ಬಾಯಿ ತೆರೆಯುವುದರೊಳಗೆ ಎರಡೂ ಪಕ್ಷದಿಂದ ಬೊಬ್ಬೆ.

"ಮೊಲ ಬೇಡಾ!"

"ಮೊದಲು ನರಿ ಹೇಳಿ ಈಗ ಮೊಲ ಹೇಳುದಾ? ಇದೆಂತ ಅಕ್ಕ, ಮೋಸ!" ಎಂದ ಹಲ್ಲು ಬಿದ್ದವನು.

ಮುಖ್ಯೋಪಾಧ್ಯಾಯರು ಗಡಿಯಾರ ನೋಡಿದರು. "ನೋಡ್ರಿ ಮೇಡಮ್, ಬೆಲ್ ಆಗೋದ್ರೊಳಗ ಕಥಿ ಮುಗಿಸಿ ಇವರನ್ನ ಸುಮ್ಮನ ಮನಿಗೆ ಕಳಿಸ್ರಿ. ಇಲ್ಲಾಂದ್ರ ಸೋಮವಾರನ ಇಂಗ್ಲಿಷಿನವರಿಗೆ ಹೇಳಿಬಿಡ್ತೀನಿ." ಹೇಳಿ ಹೋಗಲಿಲ್ಲ. ಬಾಗಿಲ ದಾರಂದಕ್ಕೆ ಒರಗಿ ಅಲ್ಲಿಯೇ ನಿಂತರು.

ಇನ್ನು ಭಾಷಾ ವಿವಾದಕ್ಕೆ ಸಮಯ ಇರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಬೇಕಾದದ್ದು ಆಗಲಿ ಎಂದು ರಿಬ್ಬನ್ನಿನವಳ ಕಡೆ ತಿರುಗಿದೆ.

"ಸರಿ ಮಾರಾಯ್ತಿ. ನಿನ್ನ ನರಿಯೇ ಬಂತು. ಹುಲಿ. ಪಟ್ಟೆಪಟ್ಟೆ. ಹುಲಿ ಬಂದು ಮನುಷ್ಯನಿಗೆ ಯಾಕೆ ಸಹಾಯ ಮಾಡ್ತದೆ? ನೀನೇ ಹೇಳು."

ನನ್ನ ದನಿಯಲ್ಲಿ ವ್ಯಂಗ್ಯ ಇತ್ತು. ಅವಳಿಗೆ ಅದು ತಾಗಲೇ ಇಲ್ಲ. ಇಷ್ಟು ಸುಲಭದ ಪ್ರಶ್ನೆಯಾ ಎನ್ನುವ ಹಾಗೆ ನೋಡಿದಳು.

"ಅವನನ್ನು ತಾನೇ ತಿನ್ಲಿಕ್ಕೆ."

ಹಲ್ಲು ಬಿದ್ದವನು ಕೂಡ ಹೌದೆಂದು ತಲೆ ಅಲ್ಲಾಡಿಸಿದ. ಎಂಥ ಸತ್ಯ ಅದು! ಪಾಲು ಕೊಡಲು ಮನಸ್ಸಿಲ್ಲದ ಹುಲಿ, ಮತ್ತೊಂದು ಹುಲಿಯನ್ನು ಬೋನಿಗೆ ಹಾಕಲೇಬೇಕಲ್ಲ.

ಕಥೆ ಹಿಡಿದುಕೊಂಡು ಓಡಿದೆ. ಎರಡನೆಯ ಹುಲಿ ಪೆದ್ದನ ಹಾಗೆ ನಟಿಸಿತು. "ನೀನು ಇಷ್ಟು ದೊಡ್ಡವ, ಈ ಬೋನು ಇಷ್ಟು ಸಣ್ಣದು, ನಾನು ನಂಬುವುದಿಲ್ಲ" ಎಂದಿತು. ಒಂದು ಹುಲಿಗೆ ಇನ್ನೊಂದು ಹುಲಿ 'ನಂಬುವುದಿಲ್ಲ' ಎಂದರೆ ಎಷ್ಟು ಅವಮಾನ! ನನ್ನ ಪುಸ್ತಕದ ಕಥೆಯಲ್ಲಿ ಹುಲಿ ಸಿಡಿಮಿಡಿಯಿಂದ ಒಳಗೆ ಹೋಗುತ್ತಿತ್ತು, ಇಲ್ಲಿ ಅದು ಮೀಸೆ ತಿರುವಿಕೊಂಡು, ಜಂಬದಿಂದ ಹೋಯಿತು. ಬಾಗಿಲು ಧಡ್! ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಚಪ್ಪಾಳೆ ತಾನಾಗಿಯೇ ನಿಂತಿತು. ಯಾಕೆಂದರೆ ಎಲ್ಲರಿಗೂ ನೆನಪಾಯಿತು, ಹೊರಗೆ ಇನ್ನೂ ಒಂದು ಉಂಟು. ಅದು ನಿಧಾನವಾಗಿ ಬೆಲ್ಲದವನ ಕಡೆ ತಿರುಗುತ್ತಿದೆ.

"ಆಗ ಬೆಲ್ಲದವನು..." ಎಂದೆ.

ಮುಂದೆ ಏನೆಂದು ನನಗೆ ಗೊತ್ತಿರಲಿಲ್ಲ. ಗಂಟೆ ಹೊಡೆಯಿತು.

ಯಾರೂ ಏಳಲಿಲ್ಲ. ಗೇಟಿನ ಹೊರಗೆ ಮಕ್ಕಳನ್ನು ಕರೆದೊಯ್ಯುವ ಜೀಪಿನವನು ಹಾರ್ನ್ ಹೊಡೆದ. ಆಗಲೂ ಏಳಲಿಲ್ಲ. "ಅಕ್ಕ, ಓಡ್ಲಿಕ್ಕೆ ಹೇಳಿ ಅವನಿಗೆ," "ಓಡಿದ್ರೆ ಹಿಡೀತದೆ, ಮರ ಹತ್ಲಿ," "ಬೆಲ್ಲ ಬಿಸಾಡ್ಲಿ, ಬೆಲ್ಲ!" ಎಂದು ಸಲಹೆಗಳು ಬಂದವು. ನಾನು ಬಾಗಿಲ ಕಡೆ ನೋಡಿದೆ.

"ಮುಗೀತೇನ್ರಿ?" ಎಂದರು ಮುಖ್ಯೋಪಾಧ್ಯಾಯರು.

ಮುಗಿಯಿತು ಎಂದು ಹೇಳಬಹುದಿತ್ತು. ಬೆಲ್ಲದವನು ಓಡಿಹೋದ, ಕಥೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ. ಒಂದು ವಾಕ್ಯ ಸಾಕಿತ್ತು, ಪೀರಿಯಡ್ ನನ್ನದಾಗುತ್ತಿತ್ತು. ಆದರೆ ಅಷ್ಟು ಜನ ಆ ಹುಲಿಯನ್ನು ನೋಡುತ್ತಿರುವಾಗ ಆ ಒಂದು ವಾಕ್ಯ ಬಾಯಿಗೆ ಬರಲಿಲ್ಲ.

"ಇಲ್ಲ ಸರ್. ಮುಗೀಲಿಲ್ಲ."

"ಆ ಬೆಲ್ಲದಾಂವ ಏನಾದ?"

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅಂದ್ರ? ಕಥಿ ನಿಮ್ದಲ್ಲೇನ್ರಿ?"

"ನನ್ನದು ಒಂದೇ ಹುಲಿಯ ಕಥೆ ಸರ್. ಇದು ಇವರದ್ದು."

ಜೀಪಿನವನು ಮತ್ತೆ ಹಾರ್ನ್ ಹೊಡೆದ. ಮುಖ್ಯೋಪಾಧ್ಯಾಯರು ಅವನಿಗೆ ಕೈ ಎತ್ತಿ ತಾಳು ಎಂದರು. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡರು.

"ಹಿಂಗ ಬಿಟ್ಟು ಹೋದ್ರ ಇವರು ವಾರಪೂರ್ತಿ ನನ್ನ ತಲಿ ತಿಂತಾರ. ಮುಂದಿನ ಶನಿವಾರ ಬಂದು ಮುಗಿಸ್ರಿ. ಮುಗಿಯೋತನಕ ಪೀರಿಯಡ್ ನಿಮ್ದು. ಮುಗದ ಮ್ಯಾಲ ಇಂಗ್ಲಿಷ್."

ಇದನ್ನು ಗೆಲುವು ಎನ್ನಬೇಕೋ ಶಿಕ್ಷೆ ಎನ್ನಬೇಕೋ ಈಗಲೂ ತಿಳಿದಿಲ್ಲ. ಯೋಚಿಸಿ ನೋಡಿ. ಕಥೆ ಮುಗಿಸಿದರೆ ಪೀರಿಯಡ್ ಹೋಗುತ್ತದೆ. ಪೀರಿಯಡ್ ಬೇಕಾದರೆ ಕಥೆ ಮುಗಿಸುವಂತಿಲ್ಲ. ಕೆಂಪು ಫೈಲಿನಲ್ಲಿ ನಾನು ಕಷ್ಟಪಟ್ಟು ಆರಿಸಿದ ಕಥೆಗಳೆಲ್ಲ ಹಾಗೆಯೇ ಉಂಟು. ಅದರಲ್ಲಿ ಒಂದು ಮೊಸಳೆಯ ಕಥೆ ಎಷ್ಟು ಚೆಂದ ಉಂಟು ಗೊತ್ತಾ! ಹೇಳುವ ಹಾಗಿಲ್ಲ. ಶನಿವಾರ ಬಂದರೆ ಅದೇ ಬೋನು, ಅದೇ ಬೆಲ್ಲದವನು, ಅವನ ಮೇಲೆ ಹೊಸ ಹೊಸ ಕಷ್ಟ.

ತಮ್ಮ ನರಿಗೆ ಅನ್ಯಾಯವಾಯಿತು ಎಂದು ತುಳು ಪಕ್ಷದವರು ಹಟ ಹಿಡಿದು ಅದನ್ನೂ ಕಥೆಯೊಳಗೆ ತಂದರು. ಹೆಸರು ಕುದ್ಕೆ ಎಂದೇ ಇರಬೇಕು ಎಂದು ಷರತ್ತು ಹಾಕಿದರು. ಅದು ಬಂದು ಯಾರಿಗೂ ಸಹಾಯ ಮಾಡಲಿಲ್ಲ, ಬೆಲ್ಲವನ್ನು ತಿಂದಿತು. ಬೆಲ್ಲದವನು ಈಗ ಮರದ ಮೇಲೆ ಇದ್ದಾನೆ. ಅವನನ್ನು ಅಲ್ಲಿಂದ ಇಳಿಸಲು ಯಾವ ದಾರಿ ಹುಡುಕಿದರೂ ರಿಬ್ಬನ್ನಿನವಳು, "ಅದು ಆಗ್ಲಿಕ್ಕಿಲ್ಲ ಅಕ್ಕ, ನರಿ ಕೆಳಗೇ ಉಂಟಲ್ಲ" ಎಂದು ಅಡ್ಡ ಹಾಕುತ್ತಾಳೆ. ವಾರವಿಡೀ ಅಂಗಡಿಯಲ್ಲಿ ಬೇರೆಯವರ ಅರ್ಜಿ ಟೈಪ್ ಮಾಡುತ್ತಾ ನಾನು ಅವನ ಚಿಂತೆಯಲ್ಲಿ ಇರುತ್ತೇನೆ. ಒಮ್ಮೆ ಒಬ್ಬರ ಜಾಗದ ಅರ್ಜಿಯಲ್ಲಿ 'ಸದರಿ ಮರದ ಕೆಳಗೆ' ಎಂದಾದ ಮೇಲೆ 'ಹುಲಿ ಉಂಟು' ಎಂದು ಟೈಪ್ ಮಾಡಿಬಿಟ್ಟಿದ್ದೆ.

ಪುತ್ತೂರಿನಿಂದ ಭೂತ ಬೇಡ ಎಂದಿದ್ದ ಟೀಚರು ಫೋನ್ ಮಾಡಿದರು. ಕಡಬದ ಸುದ್ದಿ ಹೇಗೋ ಮುಟ್ಟಿತ್ತು. "ನಮ್ಮಲ್ಲಿಗೂ ಬನ್ನಿ. ಬೇರೆ ಯಾವುದೂ ಬೇಡ, ಆ ಎರಡು ಹುಲಿಯದ್ದು ಹೇಳಿ." ನಾನು ಹಳದಿ ಫೈಲಿನಲ್ಲಿರುವ ನಗಿಸುವ ಕಥೆಗಳ ಬಗ್ಗೆ ಹೇಳಿದೆ. "ಅದೆಲ್ಲ ಮತ್ತೆ ನೋಡುವ" ಎಂದರು. ಸುಳ್ಯದವರು ಇನ್ನೂ ಯೋಚಿಸುತ್ತಿದ್ದಾರೆ.

ಕಳೆದ ಶನಿವಾರ ನನಗೆ ಸಾಕಾಗಿ ಹೋಗಿತ್ತು. ಇವತ್ತು ಏನೇ ಆಗಲಿ ಬೆಲ್ಲದವನನ್ನು ಮರದಿಂದ ಇಳಿಸಿ ಮನೆಗೆ ಮುಟ್ಟಿಸಿಬಿಡುತ್ತೇನೆ, ಇಂಗ್ಲಿಷಿನವರು ಬೇಕಾದರೆ ಬರಲಿ ಎಂದು ನಿರ್ಧರಿಸಿಯೇ ಬಸ್ಸಿನಿಂದ ಇಳಿದಿದ್ದೆ. ಜಗಲಿಯಲ್ಲಿ ಮುಖ್ಯೋಪಾಧ್ಯಾಯರು ಎದುರಾದರು. ಕೈಯಲ್ಲಿ ಹಾಜರಿ ಪುಸ್ತಕ, ಮುಖದಲ್ಲಿ ಏನೋ ಗಂಭೀರ ವಿಷಯ. ಪೀರಿಯಡಿನ ಮಾತು ಎತ್ತುತ್ತಾರೆ ಎಂದುಕೊಂಡೆ.

"ಮೇಡಮ್, ಒಂದ್ ಮಾತು ಕೇಳ್ಬೇಕಿತ್ತು."

"ಹೇಳಿ ಸರ್."

"ಬೋನಿನಾಗ ಕುಂತೈತಲ್ರಿ, ಆ ಮೊದಲನೇ ಹುಲಿ. ಅದಕ್ಕ ಇಷ್ಟು ವಾರ ಆತು, ಯಾರರ ಏನರ ತಿನ್ನಾಕ ಹಾಕ್ಯಾರೇನ್ರಿ?"

ಯಾರೂ ಹಾಕಿರಲಿಲ್ಲ. ನಾನು ಅದನ್ನು ಪೂರ್ತಿ ಮರೆತೇಬಿಟ್ಟಿದ್ದೆ. ಒಳಗೆ ಮಕ್ಕಳು ಆಗಲೇ ನೆಲದಲ್ಲಿ ಕೂತು ಅಕ್ಕಾ, ಅಕ್ಕಾ ಎಂದು ಕೂಗುತ್ತಿದ್ದರು. ಇವತ್ತೂ ಕಥೆ ಮುಗಿಯುವುದಿಲ್ಲ ಎಂದು ನನಗೆ ಜಗಲಿಯಲ್ಲೇ ಗೊತ್ತಾಗಿ ಹೋಯಿತು.